ಪಂಚಾಯಿತಿಯ ಐದು ಪರ್ಸೆಂಟ್ ಮತ್ತು ಹೆತ್ತವರ ಬಿಡುವು

— ಮೇಡಂ, ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು ಎಂಬ ನಿಯಮ ಇದೆಯಲ್ಲ, ಈ ವರ್ಷ ಅದನ್ನು ಹೇಗೆ ಬಳಸುವುದು ಅಂತ ನಮ್ಮ ಪಂಚಾಯಿತಿಯವರು ನನ್ನ ಅಭಿಪ್ರಾಯ ಕೇಳಿದ್ದಾರೆ. ಗಾಲಿಕುರ್ಚಿ, ಊರುಗೋಲು, ಶ್ರವಣ ಸಾಧನ ಅಂದರೆ ಸುಲಭ. ಬೇಕಾದವರ ಪಟ್ಟಿ ಮಾಡಿ, ಕೊಟ್ಟು, ಲೆಕ್ಕ ಬರೆಯಬಹುದು. ನನ್ನನ್ನು ಕಾಡುತ್ತಿರುವುದು ಬೇರೆ ಕೆಲವು ಮನೆಗಳು. ಬುದ್ಧಿಮಾಂದ್ಯತೆ, ಆಟಿಸಂ ಇರುವ ಮಕ್ಕಳಲ್ಲಿ ಕೆಲವರು ಕೈ ಕಚ್ಚಿಕೊಳ್ಳುತ್ತಾರೆ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾರೆ, ಹತ್ತಿರ ಹೋದವರ ಕೂದಲು ಹಿಡಿದೆಳೆಯುತ್ತಾರೆ, ಕದ ತೆರೆದಿದ್ದರೆ ರಸ್ತೆಗೆ ಓಡುತ್ತಾರೆ. ಅಂಥ ಮಗುವಿನ ಹೆತ್ತವರು ಮದುವೆ, ಮುಂಜಿ, ಜಾತ್ರೆ ಎಲ್ಲವನ್ನೂ ಬಿಟ್ಟು ಒಳಗೇ ಉಳಿದುಬಿಡುತ್ತಾರೆ. ಅವರಿಗೆ ಕೊಡಲು ನಮ್ಮ ಪಟ್ಟಿಯಲ್ಲಿ ಯಾವ ಸಾಮಾನೂ ಇಲ್ಲ. ವರ್ಷಕ್ಕೊಮ್ಮೆ ಒಂದಿಷ್ಟು ಸಹಾಯಧನ ಕೊಟ್ಟುಬಿಡುವುದೇ ಸರಿಯೇ?

— ದುಡ್ಡು ಆ ಮನೆಗಳಿಗೆ ಬೇಕೇ ಬೇಕು ಮೇಷ್ಟ್ರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಂಚಾಯಿತಿ ಮಟ್ಟದಲ್ಲಿ ಕೈಗೆ ಸಿಗುವ ಸಣ್ಣ ಮೊತ್ತವನ್ನು ಹತ್ತಾರು ಮನೆಗೆ ಹಂಚಿದರೆ ಅದು ಒಂದು ತಿಂಗಳ ದಿನಸಿಗೂ ಸಾಲದು. ನನ್ನ ಪ್ರಕಾರ ಆ ಮನೆಗಳಿಗೆ ಎರಡು ಸಂಗತಿ ಒಟ್ಟಿಗೆ ತಲುಪಬೇಕು. ಮಗು ಯಾಕೆ ಹೀಗೆ ಮಾಡುತ್ತದೆ ಎಂದು ಗುರುತಿಸಿ ಅದನ್ನು ಬದಲಿಸುವ ಕೌಶಲ ಒಂದು. ನಂಬಿಕಸ್ತರೊಬ್ಬರು ಮಗುವನ್ನು ನೋಡಿಕೊಂಡು ಹೆತ್ತವರಿಗೆ ಕೊಡುವ ಕೆಲವು ಗಂಟೆಗಳ ಬಿಡುವು ಇನ್ನೊಂದು. ಇವೆರಡನ್ನೂ ನಾವು ಹೆತ್ತವರ ಮೇಲಿನ ಕರುಣೆಯ ಲೆಕ್ಕದಲ್ಲಿ ಬರೆಯುತ್ತೇವೆ, ಚಿಕಿತ್ಸೆ ಅಂದರೆ ಮಗುವಿಗೆ ಕೊಡುವ ಮಾತ್ರೆ ಮತ್ತು ಥೆರಪಿ ಮಾತ್ರ ಅಂದುಕೊಳ್ಳುತ್ತೇವೆ. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಇದಕ್ಕೆ ಆಧಾರವೂ ಇದೆ. ಅಮೆರಿಕದಲ್ಲಿ ಬ್ರೂಸ್ ಬೇಕರ್, ಜಾನ್ ಬ್ಲೇಕರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾದ ಮೂರು ವರ್ಷದ ಮಕ್ಕಳ ಮನೆಗಳನ್ನು ಅಭ್ಯಾಸ ಮಾಡಿ 2002ರಲ್ಲಿ ಪ್ರಕಟಿಸಿದರು. ತಾಯಿತಂದೆಯರ ಒತ್ತಡವನ್ನು ಹೆಚ್ಚಿಸುತ್ತಿದ್ದುದು ಮಗುವಿನ ಬುದ್ಧಿಮಟ್ಟಕ್ಕಿಂತ ಮುಖ್ಯವಾಗಿ ಮಗುವಿನ ವರ್ತನೆ. ಮಗು ತಡವಾಗಿ ಕಲಿಯುತ್ತದೆ ಎಂಬುದನ್ನು ಮನೆ ಸಹಿಸಿಕೊಳ್ಳುತ್ತದೆ. ಮಗು ನಿದ್ದೆ ಮಾಡುವುದಿಲ್ಲ, ಹೊಡೆಯುತ್ತದೆ, ಓಡುತ್ತದೆ ಎಂಬುದು ಮನೆಯನ್ನು ಹಿಂಡಿ ಹಾಕುತ್ತದೆ. ಅದೇ ಸಂಶೋಧನೆಯ ಮುಂದುವರಿಕೆಯಾಗಿ 2012ರಲ್ಲಿ ಬಂದ ಬರಹ ಮಕ್ಕಳನ್ನು ಮೂರನೆಯ ವಯಸ್ಸಿನಿಂದ ಒಂಬತ್ತರವರೆಗೆ ಹಿಂಬಾಲಿಸಿತ್ತು. ಮಗುವಿನ ವರ್ತನೆ ಹೆತ್ತವರ ಒತ್ತಡವನ್ನು ಏರಿಸುತ್ತದೆ, ಏರಿದ ಒತ್ತಡ ಮುಂದೆ ಮಗುವಿನ ವರ್ತನೆಯನ್ನು ಕೆಡಿಸುತ್ತದೆ ಎಂದು ಅದರಲ್ಲಿ ಕಂಡಿತು. ಎರಡೂ ಕಡೆಯಿಂದ ಸುತ್ತುವ ಚಕ್ರ ಅದು. ಹಾಗಿದ್ದ ಮೇಲೆ ತಾಯಿಯ ಆಯಾಸ ಇಳಿಸುವುದು ಮಗುವಿನ ಚಿಕಿತ್ಸೆಯೇ ಆಗುತ್ತದೆ.

— ಹೆತ್ತವರಿಗೆ ಒತ್ತಡ ಆಗುತ್ತದೆ ಎಂಬುದನ್ನು ಯಾರೂ ಇಲ್ಲ ಅನ್ನಲಾರರು. ಆದರೆ ಗುರುತಿಸುವ ಕೌಶಲ ಅಂದಿರಲ್ಲ, ಅದರಲ್ಲಿ ನನಗೆ ಅನುಮಾನ. ಊರಿನಲ್ಲಿ ಇದನ್ನು ಹಟ ಅನ್ನುತ್ತಾರೆ. ಚಿಕ್ಕಂದಿನಲ್ಲೇ ಎರಡು ಬಿಗಿದಿದ್ದರೆ ಸರಿಹೋಗುತ್ತಿತ್ತು, ಮುದ್ದು ಮಾಡಿ ಕೆಡಿಸಿದರು ಅನ್ನುವವರೇ ಹೆಚ್ಚು. ಗಾಳಿ, ದೃಷ್ಟಿ ಅಂತ ಹರಕೆ ಹೊರುವವರೂ ಇದ್ದಾರೆ. ಮಾತೇ ಬಾರದ ಮಗುವಿನ ರಂಪದಲ್ಲಿ ಗುರುತಿಸುವಂಥದ್ದು ಏನಿರುತ್ತದೆ?

— ಮಾತು ಬಾರದ ಮಗು ಅಂದಿರಲ್ಲ, ಉತ್ತರ ಅಲ್ಲಿಯೇ ಇದೆ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳಿ. ಹನ್ನೊಂದು ವರ್ಷದ ಹುಡುಗ, ಮಾತಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗಲೆಲ್ಲ ಮಣಿಕಟ್ಟು ಕಚ್ಚಿಕೊಂಡು ಕಿರುಚುತ್ತಾನೆ. ತಾಯಿ ಹೆದರಿ ತಟ್ಟೆ ಎತ್ತಿಬಿಡುತ್ತಾಳೆ, ಸಮಾಧಾನಕ್ಕೆ ಮೊಬೈಲ್ ಕೊಡುತ್ತಾಳೆ. ಒಂದು ವಾರ ಆಕೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಬರೆದರೆ ಸಾಕು: ಅದಕ್ಕೆ ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು. ಆರು ದಿನದಲ್ಲಿ ನಾಲ್ಕು ದಿನ ಎರಡನೆಯ ಸಲ ಅನ್ನ ಬಡಿಸಿದ ತಕ್ಷಣ ಕಚ್ಚಿಕೊಂಡಿದ್ದಾನೆ, ಮೊದಲ ತುತ್ತಿಗೆ ಎಂದೂ ಕಚ್ಚಿಕೊಂಡಿಲ್ಲ ಎಂದು ಕಂಡರೆ ಹುಡುಗ ಹೇಳುತ್ತಿರುವುದು 'ಸಾಕು' ಎಂದು. ಅದನ್ನು ಹೇಳಲು ಅವನ ಹತ್ತಿರ ಇರುವ ಒಂದೇ ದಾರಿ ಕಚ್ಚಿಕೊಳ್ಳುವುದು. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವುದನ್ನು ಅವನಿಗೆ ಕಲಿಸಿ, ಹಿಡಿದ ಮರುಕ್ಷಣವೇ ಬಡಿಸುವುದನ್ನು ನಿಲ್ಲಿಸಿದರೆ, ಕಚ್ಚಿಕೊಳ್ಳುವ ಕೆಲಸವನ್ನು ಅಂಗೈ ಮಾಡತೊಡಗುತ್ತದೆ. ಇದು ನನ್ನ ಊಹೆಯಲ್ಲ. 1982ರಲ್ಲಿ ಬ್ರಯನ್ ಇವಾಟಾ ಮತ್ತು ಸಂಗಡಿಗರು ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವ ಒಂಬತ್ತು ಜನರನ್ನು ಬೇರೆ ಬೇರೆ ಸನ್ನಿವೇಶದಲ್ಲಿಟ್ಟು ನೋಡಿದರು. ಹೊರಗಿನಿಂದ ಒಂದೇ ಥರ ಕಾಣುವ ವರ್ತನೆ ಒಬ್ಬರಲ್ಲಿ ಕೆಲಸದಿಂದ ತಪ್ಪಿಸಿಕೊಳ್ಳಲು, ಇನ್ನೊಬ್ಬರಲ್ಲಿ ಜೊತೆಗೆ ಯಾರಾದರೂ ಬೇಕೆಂದು, ಮತ್ತೊಬ್ಬರಲ್ಲಿ ಮೈಗೆ ಸಿಗುವ ಅನುಭವಕ್ಕಾಗಿ ನಡೆಯುತ್ತದೆ ಎಂದು ತೋರಿಸಿದರು. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಂಡ್, ನಾಲ್ಕು ಮಕ್ಕಳಿಗೆ ಅವರ ವರ್ತನೆಯ ಉದ್ದೇಶಕ್ಕೆ ತಕ್ಕ ಮಾತನ್ನು ಕಲಿಸಿ, ಆ ವರ್ತನೆ ಇಳಿದದ್ದನ್ನು ದಾಖಲಿಸಿದರು. ಉದ್ದೇಶಕ್ಕೆ ಹೊಂದದ ಮಾತು ಕಲಿಸಿದಾಗ ಅದು ಇಳಿಯಲಿಲ್ಲ. ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು: ಕಾಲಂ ಬರೆಯುವ ಮುಂಚೆ ಮಗುವಿನ ಹಲ್ಲು, ಕಿವಿ, ಹೊಟ್ಟೆ ತೋರಿಸಬೇಕು. ಹಲ್ಲು ಹುಳುಕಾಗಿಯೋ ಕಿವಿ ಸೋರಿಯೋ ಮಲಬದ್ಧತೆಯಿಂದಲೋ ನೋವಿರುವ ಮಗು ತಲೆ ಚಚ್ಚಿಕೊಂಡರೆ ಅದಕ್ಕೆ ಬೇಕಾದದ್ದು ನೋವಿನ ಚಿಕಿತ್ಸೆ.

ಇನ್ನು ಏಟಿನ ಮಾತು. ಏಟು ಯಾಕೆ ಉಳಿದುಕೊಂಡಿದೆ ಅಂದರೆ ಅದು ಆ ಕ್ಷಣಕ್ಕೆ ಫಲ ಕೊಡುವಂತೆ ಕಾಣುತ್ತದೆ. ಹೊಡೆದ ಕೂಡಲೇ ಮಗು ಸುಮ್ಮನಾಗುತ್ತದೆ. ಆ ನಿಶ್ಶಬ್ದವೇ ಹೊಡೆದವರಿಗೆ ಬಹುಮಾನ. ಮಾರನೆಯ ದಿನ ಇನ್ನೊಂದು ಏಟು ಜಾಸ್ತಿ ಬೇಕಾಗುತ್ತದೆ. ಮಗುವಿನ ಕಡೆಯಿಂದಲೂ ಅದೇ ಲೆಕ್ಕ ನಡೆಯುತ್ತಿರುತ್ತದೆ: ಸಣ್ಣದಾಗಿ ಕಿರುಚಿದರೆ ಸಿಗದ ಮೊಬೈಲ್ ಜೋರಾಗಿ ಕಿರುಚಿದರೆ ಸಿಗುತ್ತದೆ. ಅಮೆರಿಕದ ಜೆರಾಲ್ಡ್ ಪ್ಯಾಟರ್ಸನ್ ದಶಕಗಳ ಕಾಲ ಮನೆಗಳೊಳಗೆ ಕೂತು ಗಮನಿಸಿ ಬರೆದದ್ದು ಈ ಪರಸ್ಪರ ಬಲವಂತದ ಬಗ್ಗೆಯೇ. ಹೆತ್ತವರು ಕೆಟ್ಟವರು ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ದಣಿದ ಯಾವ ಮನುಷ್ಯನೂ ತಕ್ಷಣ ಸದ್ದಡಗಿಸುವುದನ್ನೇ ಮಾಡುತ್ತಾನೆ.

— ಸರಿ, ಒಪ್ಪಿದೆ. ಆದರೆ ಈಗ ನನಗೆ ಬೇರೆಯೇ ಸಿಟ್ಟು ಬರುತ್ತಿದೆ ಮೇಡಂ. ಬೆಳಗಿನ ಜಾವ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಗಾರ್ಮೆಂಟ್ಸ್‌ಗೋ ತೋಟಕ್ಕೋ ಹೋಗಿಬರುವ ಹೆಂಗಸಿಗೆ, ರಾತ್ರಿಯಿಡೀ ಮಗುವಿನ ಜೊತೆ ಎಚ್ಚರ ಇದ್ದವಳಿಗೆ, ನೀವು ಮೂರು ಕಾಲಂ ಬರಿ ಅನ್ನುತ್ತೀರಿ. ಸರ್ಕಾರ ಮಾಡಬೇಕಾದ ಕೆಲಸವನ್ನು ತಾಯಿಯ ಸೆರಗಿಗೆ ಕಟ್ಟಿದಂತೆ ಆಗಲಿಲ್ಲವೇ? ನಾಳೆ ಮಗು ಸುಧಾರಿಸದಿದ್ದರೆ ತರಬೇತಿ ಕೊಟ್ಟಿದ್ದೆವು, ಅವಳೇ ಸರಿಯಾಗಿ ಮಾಡಲಿಲ್ಲ ಅಂತಲೂ ಹೇಳಿಬಿಡುತ್ತಾರೆ.

— ಈ ಆಕ್ಷೇಪಣೆಯನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ತರಬೇತಿಯನ್ನಷ್ಟೇ ಕೊಟ್ಟು ಕೈತೊಳೆದುಕೊಂಡರೆ ನೀವು ಹೇಳಿದ್ದು ಅಕ್ಷರಶಃ ನಿಜವಾಗುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ಅಂದೆ, ಕ್ರಮ ಕೇಳಿದರೆ ಬಿಡುವು ಮೊದಲು ಅನ್ನುತ್ತೇನೆ. ಕಾರಣ ಇಷ್ಟು. ಕಿರುಚಿದರೆ ಮೊಬೈಲ್ ಕೊಡುವುದನ್ನು ಈ ಸೋಮವಾರದಿಂದ ನಿಲ್ಲಿಸುತ್ತೇನೆ ಅಂತ ತಾಯಿ ಗಟ್ಟಿ ಮನಸ್ಸು ಮಾಡಿದರೆ ಮೊದಲ ಕೆಲವು ದಿನ ಕಿರುಚಾಟ ಕಡಿಮೆಯಾಗುವ ಬದಲು ಹೆಚ್ಚಾಗಬಹುದು, ಏಕೆಂದರೆ ಇಷ್ಟು ದಿನ ಸಾಕಾಗುತ್ತಿದ್ದ ದನಿ ಈಗ ಸಾಲುತ್ತಿಲ್ಲ ಎಂದು ಮಗುವಿಗೆ ಅನ್ನಿಸುತ್ತದೆ. ಈ ಏರಿಕೆಯನ್ನು ದಾಟಿದರೆ ಇಳಿಕೆ ಬರುತ್ತದೆ. ಏರಿಕೆಯ ಮೂರನೆಯ ದಿನ ಸೋತು ಮೊಬೈಲ್ ಕೊಟ್ಟರೆ, ಇನ್ನೂ ಜೋರಾಗಿ ಕಿರುಚಬೇಕು ಎಂಬ ಪಾಠವನ್ನು ಮಗುವಿಗೆ ಕಲಿಸಿದಂತಾಗುತ್ತದೆ. ನಾಲ್ಕು ರಾತ್ರಿ ನಿದ್ದೆಗೆಟ್ಟವರು ಮೂರನೆಯ ದಿನ ಸೋಲದೆ ಇರಲಾರರು. ಅಂದರೆ ಕೌಶಲ ಫಲಿಸಬೇಕಾದರೂ ನಿದ್ದೆ ಬೇಕು. ಇದನ್ನು ಬಿಟ್ಟು ಬರೀ ಕರಪತ್ರ ಹಂಚಿದರೆ ಎಷ್ಟು ಪ್ರಯೋಜನ ಎಂಬುದಕ್ಕೂ ಅಳತೆ ಸಿಕ್ಕಿದೆ. 2015ರಲ್ಲಿ ಅಮೆರಿಕದಲ್ಲಿ ಕ್ಯಾರೆನ್ ಬೇರ್ಸ್ ಮತ್ತು ಸಂಗಡಿಗರು ಆಟಿಸಂ ಇರುವ, ಮೂರರಿಂದ ಏಳು ವರ್ಷದ 180 ಮಕ್ಕಳ ಹೆತ್ತವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಟಿಸಂ ಬಗ್ಗೆ ಮಾಹಿತಿ, ಇನ್ನೊಂದಕ್ಕೆ ವರ್ತನೆಯನ್ನು ನಿಭಾಯಿಸುವ ಪ್ರತ್ಯಕ್ಷ ತರಬೇತಿ. 24 ವಾರಗಳ ಕೊನೆಯಲ್ಲಿ ಹೆತ್ತವರೇ ಕೊಟ್ಟ ಅಂಕಗಳ ಪ್ರಕಾರ ಮಾಹಿತಿಯ ಗುಂಪಿನಲ್ಲಿ ಸಿಡುಕು, ರಂಪ ಸುಮಾರು ಶೇ 32ರಷ್ಟು ಇಳಿದಿತ್ತು, ತರಬೇತಿಯ ಗುಂಪಿನಲ್ಲಿ ಸುಮಾರು ಶೇ 48ರಷ್ಟು. ಯಾರು ಯಾವ ಗುಂಪಿನವರು ಎಂದು ತಿಳಿಯದ ವೈದ್ಯರು ನೋಡಿದಾಗಲೂ ಸುಧಾರಿಸಿದ ಮಕ್ಕಳು ತರಬೇತಿಯ ಗುಂಪಿನಲ್ಲೇ ಹೆಚ್ಚು. ಮಾಹಿತಿಯಿಂದಲೂ ಸ್ವಲ್ಪ ಉಪಯೋಗ ಉಂಟು ಎಂಬುದನ್ನು ಇದು ಮರೆಮಾಚುವುದಿಲ್ಲ. ಒಬ್ಬರು ಪಕ್ಕದಲ್ಲಿ ಕೂತು ಮಾಡಿ ತೋರಿಸಿ, ಮಾಡಿಸಿ, ತಿದ್ದುವುದರಿಂದ ಸಿಗುವ ಫಲ ಹೆಚ್ಚಿನದು. ಹಾಗೆಯೇ 2014ರಲ್ಲಿ ಕ್ಯಾಮರಾನ್ ನೀಸ್ ಎಂಬ ಸಂಶೋಧಕಿ ಹೆತ್ತವರ ಒತ್ತಡ ಇಳಿಸುವ ಧ್ಯಾನದ ಅಭ್ಯಾಸವನ್ನಷ್ಟೇ ಅವರಿಗೆ ಕೊಟ್ಟರು, ಮಕ್ಕಳ ವರ್ತನೆಯನ್ನು ತಿದ್ದುವ ಪಾಠ ಅದರಲ್ಲಿ ಇರಲಿಲ್ಲ. ಆದರೂ ಮಕ್ಕಳ ವರ್ತನೆಯಲ್ಲಿ ಕೆಲವು ಬಗೆಯ ಸುಧಾರಣೆಯನ್ನು ಹೆತ್ತವರು ವರದಿ ಮಾಡಿದರು.

ತಾಯಿಯ ಸೆರಗಿಗೇ ಕಟ್ಟುವ ಮಾತು ಬಂತಲ್ಲ, ತರಬೇತಿಗೆ ತಾಯಿಯನ್ನು ಮಾತ್ರ ಕರೆಯುವುದು ನಮ್ಮ ಸಂಸ್ಥೆಗಳ ಹಳೆಯ ದೌರ್ಬಲ್ಯ. ತಾಯಿ ಕಲಿತು ಬಂದು ಮನೆಯಲ್ಲಿ ಹಾಗೆ ಮಾಡಿದರೆ, ಸಂಜೆ ಬಂದ ಅಪ್ಪ ಒಂದು ಏಟು ಹಾಕುತ್ತಾನೆ, ಅಜ್ಜಿ ಬಿಸ್ಕತ್ತು ಕೊಟ್ಟು ಸುಮ್ಮನಾಗಿಸುತ್ತಾಳೆ. ಮನೆಯಲ್ಲಿ ಮೂರು ಕಾನೂನು ಇದ್ದರೆ ಮಗು ಮೂರನ್ನೂ ಕಲಿಯುತ್ತದೆ. ಅಪ್ಪ, ಅಜ್ಜಿ, ದೊಡ್ಡ ಅಕ್ಕ ಎಲ್ಲರೂ ಬಾರದೆ ತರಬೇತಿ ಪೂರ್ತಿಯಾಯಿತು ಎಂದು ಲೆಕ್ಕ ಬರೆಯಬಾರದು.

— ಬಿಡುವು ಅಂದಿರಿ. ಅದನ್ನು ಯಾರು ಕೊಡುತ್ತಾರೆ? ಹಿಂದೆ ಕೂಡು ಕುಟುಂಬದಲ್ಲಿ ಅತ್ತೆ, ಚಿಕ್ಕಮ್ಮ ಅಂತ ಯಾರಾದರೂ ಕೂಸನ್ನು ಎತ್ತಿಕೊಳ್ಳುತ್ತಿದ್ದರು. ಈಗ ಆ ಜನವೇ ಮನೆಯಲ್ಲಿ ಇಲ್ಲ. ಇದ್ದರೂ ಹತ್ತು ವರ್ಷದ, ಹೊಡೆಯುವ ಹುಡುಗನನ್ನು ನೋಡಿಕೊಳ್ಳಲು ಹೆದರುತ್ತಾರೆ.

— ಕೂಡು ಕುಟುಂಬದಲ್ಲೂ ಆ ಬಿಡುವು ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಎಷ್ಟೋ ಕಡೆ ಅದರ ಬದಲು 'ನಿನ್ನ ಹೊಟ್ಟೆಯಲ್ಲಿ ಹೀಗೆ ಹುಟ್ಟಿತು' ಎಂಬ ಚುಚ್ಚುಮಾತು ಸಿಗುತ್ತಿತ್ತು. ಅದನ್ನು ನೆನೆದು ಮರುಗುವುದಕ್ಕಿಂತ ಪಕ್ಕದ ಕೇರಳವನ್ನು ನೋಡೋಣ. ಅಲ್ಲಿ ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಜಾಲದ ಜೊತೆ ಸೇರಿ ಗ್ರಾಮ ಪಂಚಾಯಿತಿಗಳೇ ಬುದ್ಧಿಮಾಂದ್ಯ ಮಕ್ಕಳಿಗಾಗಿ 'ಬಡ್ಸ್' ಎಂಬ ಶಾಲೆಗಳನ್ನು ನಡೆಸುತ್ತಿವೆ, ಮೊದಲನೆಯದು ಶುರುವಾದದ್ದು 2004ರಲ್ಲಿ. ಹಗಲು ಮಗು ಅಲ್ಲಿರುತ್ತದೆ, ತಾಯಿ ಕೂಲಿಗೆ ಹೋಗಬಹುದು ಅಥವಾ ಮಲಗಬಹುದು. ನಮ್ಮಲ್ಲೇ ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಎಂಡೋಸಲ್ಫಾನ್ ಪೀಡಿತರಿಗಾಗಿ ಪಾಲನಾ ಕೇಂದ್ರಗಳು ಬಂದವು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದ್ದಕ್ಕೆ ಸರ್ಕಾರ ಉತ್ತರ ಕೊಡಬೇಕಾಯಿತು, ಅಲ್ಲಿನ ಜನ ಹೋರಾಡಿದರು, ಆದ್ದರಿಂದ ಬಂದವು. ಆ ತಾಯಂದಿರಿಗೆ ಬೇಕಾದದ್ದೇ ಚಿತ್ರದುರ್ಗದ, ಯಾದಗಿರಿಯ ತಾಯಂದಿರಿಗೂ ಬೇಕು. ವಿಷ ಸಿಂಪಡಿಸಿದ ಕಡೆ ಮಾತ್ರ ಬಿಡುವು ಸಿಗಬೇಕು ಎಂಬ ನ್ಯಾಯ ಇಲ್ಲ. ಪಂಚಾಯಿತಿಗೆ ಇಂಥದ್ದು ನಡೆಸುವ ಶಕ್ತಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ 'ಕೂಸಿನ ಮನೆ' ತೆರೆಯುತ್ತೇವೆಂದು ನಮ್ಮ ಸರ್ಕಾರ 2023ರಲ್ಲಿ ಹೇಳಿತು, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಪಂಚಾಯಿತಿಗಳು ಅವನ್ನು ನಡೆಸುತ್ತಿವೆ. ಜಾಗ, ಆರೈಕೆ ಮಾಡುವವರು, ಲೆಕ್ಕಪತ್ರ ಎಲ್ಲದರ ಅಭ್ಯಾಸ ಆಗಲೇ ಆಗಿದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಕೂಡ 1999ರ ಕಾಯ್ದೆಯ ಅಡಿಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿಯೇ ಹುಟ್ಟಿದ್ದು. ಹಗಲು ಪಾಲನೆಗೆ, ಹೆತ್ತವರಿಗೆ ಬಿಡುವು ಕೊಡುವ ತಾತ್ಕಾಲಿಕ ವಸತಿಗೆ ಅದರಲ್ಲಿ ಯೋಜನೆಗಳಿವೆ. ಅವನ್ನು ನಡೆಸಲು ನೋಂದಾಯಿತ ಸಂಸ್ಥೆಗಳು ಮುಂದೆ ಬರಬೇಕು, ಅಂಥ ಸಂಸ್ಥೆಗಳು ಪೇಟೆಯಲ್ಲೇ ಸೇರಿಕೊಂಡಿವೆ. ಹಳ್ಳಿಯ ಪಾಲಿಗೆ ಯೋಜನೆ ಕಾಗದದಲ್ಲಿ ಉಳಿದದ್ದು ಹೀಗೆ.

— ಜಾಗ ಸಿಗಬಹುದು. ಪಾಠ ಹೇಳುವವರು? ಮನಶ್ಶಾಸ್ತ್ರ ಓದಿದವರು ತಾಲ್ಲೂಕಿಗೆ ಒಬ್ಬರೂ ಇಲ್ಲದ ಕಡೆ ಇವಾಟಾ, ಕಾರ್ ಅಂತ ನಾವು ಮಾತಾಡುವುದರಲ್ಲಿ ಏನು ಅರ್ಥ?

— ಇದೇ ಮಾತನ್ನು ಮಾನಸಿಕ ಕಾಯಿಲೆಯ ಬಗ್ಗೆ ಹಿಂದೆಯೂ ಹೇಳುತ್ತಿದ್ದರು. ಮನೋವೈದ್ಯರಿಲ್ಲದೆ ಹಳ್ಳಿಯಲ್ಲಿ ಏನೂ ಆಗದು ಎಂಬ ಕಾಲದಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಊರಿಗೆ ಒಯ್ದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮಾದರಿಯಾದದ್ದು ಆ ಬಳ್ಳಾರಿಯ ಕೆಲಸವೇ. ಮಕ್ಕಳ ವಿಷಯದಲ್ಲೂ ಪುರಾವೆ ಹತ್ತಿರದಲ್ಲೇ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ನಡೆದ ಒಂದು ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಹೆತ್ತವರಿಗೆ ಪಾಠ ಹೇಳಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಪ್ರಯೋಗದ ಕೊನೆಯಲ್ಲಿ ಹೆತ್ತವರು ಮಗುವಿನ ಜೊತೆ ಒಡನಾಡುವ ರೀತಿ ಬದಲಾಗಿತ್ತು, ಮಗು ತಾನಾಗಿ ಸಂಪರ್ಕಕ್ಕೆ ಬರುವುದು ಹೆಚ್ಚಿತು. ಆ ಪ್ರಯೋಗದ ಗುರಿ ಒಡನಾಟವಾಗಿತ್ತು, ರಂಪ ಇಳಿಸುವುದಾಗಿರಲಿಲ್ಲ; ಅದಕ್ಕೇ ನಾನು ಅದನ್ನು ತಜ್ಞರಲ್ಲದವರೂ ಹೆತ್ತವರಿಗೆ ಕಲಿಸಬಲ್ಲರು ಎಂಬಷ್ಟಕ್ಕೆ ಮಾತ್ರ ಸಾಕ್ಷಿಯಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಇದೇ ನಂಬಿಕೆಯ ಮೇಲೆ ಒಂದು ಪಾಠಕ್ರಮ ರೂಪಿಸಿ 2022ರಲ್ಲಿ ಎಲ್ಲರಿಗೂ ತೆರೆದಿಟ್ಟಿದೆ: ಒಂಬತ್ತು ಗುಂಪು ತರಗತಿ, ಮೂರು ಮನೆಭೇಟಿ. ಒಡನಾಟವೂ ಅದರಲ್ಲಿದೆ, ಕಷ್ಟದ ವರ್ತನೆ ನಿಭಾಯಿಸುವುದೂ ಇದೆ, ಆರೈಕೆ ಮಾಡುವವರ ಸ್ವಂತ ಯೋಗಕ್ಷೇಮವೂ ಇದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2015ರಲ್ಲಿ ಹೇಳಿದ್ದೂ ಹತ್ತಿರ ಹತ್ತಿರ ಇದೇ: ಹನ್ನೆರಡು ವರ್ಷದೊಳಗಿನ ಇಂಥ ಮಕ್ಕಳ ಹೆತ್ತವರಿಗೆ ಗುಂಪಿನಲ್ಲಿ ತರಬೇತಿ, ತಲಾ ಒಂದೂವರೆ ಗಂಟೆಯ ಎಂಟರಿಂದ ಹನ್ನೆರಡು ತರಗತಿ.

ನಮ್ಮ ಜನ ಯಾರು ಅಂತ ಕೇಳಿದಿರಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ವ್ಯವಸ್ಥೆ ಇದೆ. ವಿ.ಆರ್.ಡಬ್ಲ್ಯು., ಎಂ.ಆರ್.ಡಬ್ಲ್ಯು. ಅಂತಲೇ ಜನ ಕರೆಯುತ್ತಾರೆ. ಅವರೂ ವಿಕಲಚೇತನರೇ, ಊರಿನ ಪ್ರತಿ ಮನೆ ಬಲ್ಲವರು. ಅವರ ಕೆಲಸ ಇವತ್ತು ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್, ಪಿಂಚಣಿ ಅರ್ಜಿಗಳಲ್ಲೇ ಕಳೆದುಹೋಗುತ್ತದೆ, ಗೌರವಧನವೂ ಅಲ್ಪ. ಶಿಕ್ಷಣ ಇಲಾಖೆಯಲ್ಲಿ ವಿಕಲಚೇತನ ಮಕ್ಕಳಿಗಾಗಿಯೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ. ಇವರಿಗೆ ಆ ಒಂಬತ್ತು ತರಗತಿ ನಡೆಸುವ ತರಬೇತಿ ಕೊಟ್ಟು, ತಜ್ಞರು ತಿಂಗಳಿಗೊಮ್ಮೆ ಫೋನಿನಲ್ಲಾದರೂ ಅವರ ಅನುಮಾನ ಪರಿಹರಿಸುವಂತೆ ಮಾಡಬೇಕು. ಗೌರವಧನವನ್ನೂ ಹೆಚ್ಚಿಸಬೇಕು, ಪುಕ್ಕಟೆ ಕೆಲಸದ ಮೇಲೆ ನಿಂತ ಯೋಜನೆ ಎರಡನೆಯ ವರ್ಷ ಮುಟ್ಟುವುದಿಲ್ಲ.

— ಇಷ್ಟೆಲ್ಲ ಪಾಡು ಯಾಕೆ, ಮಾತ್ರೆ ಇದೆಯಲ್ಲ ಅನ್ನುವವರಿಗೆ? ಹಾಗೂ ಆಗದಿದ್ದರೆ ಹಾಸ್ಟೆಲ್ ಇರುವ ವಿಶೇಷ ಶಾಲೆಗೆ ಸೇರಿಸಿಬಿಡಿ ಅನ್ನುವವರಿಗೆ?

— ಮಾತ್ರೆಯನ್ನು ನಾನು ದೂರುವುದಿಲ್ಲ. ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕಿಗೆ ರಿಸ್ಪೆರಿಡೋನ್ ಫಲ ಕೊಡುತ್ತದೆ ಎಂದು 2002ರಲ್ಲಿ 101 ಮಕ್ಕಳ ಪ್ರಯೋಗ ತೋರಿಸಿತ್ತು. ಎಂಟು ವಾರದಲ್ಲಿ ಮಾತ್ರೆ ತಿಂದವರಲ್ಲಿ ಶೇ 69ರಷ್ಟು ಮಕ್ಕಳು ಸುಧಾರಿಸಿದರು, ಔಷಧಿಯಿಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ ಶೇ 12. ಅದೇ ಎಂಟು ವಾರದಲ್ಲಿ ಮಾತ್ರೆಯ ಗುಂಪಿನ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತು. ಬುದ್ಧಿಮಾಂದ್ಯತೆ ಇರುವ ವಯಸ್ಕರ ಆಕ್ರಮಣಕಾರಿ ವರ್ತನೆಗೆ ಬ್ರಿಟನ್ ಮುಂತಾದ ಕಡೆ ಮಾಡಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರ ಕಥೆ ಬೇರೆ: 86 ಜನರಲ್ಲಿ ಸುಳ್ಳು ಮಾತ್ರೆ ನುಂಗಿದವರು ಔಷಧಿ ನುಂಗಿದವರಿಗಿಂತ ಹಿಂದೆ ಬೀಳಲಿಲ್ಲ. ಹಾಗಾಗಿ ಮಾತ್ರೆ ಬೇಕಾದ ಮಗುವಿಗೆ ವೈದ್ಯರು ಕೊಡಲಿ, ತೂಕ ಮತ್ತು ರಕ್ತ ಪರೀಕ್ಷೆ ನೋಡುತ್ತಿರಲಿ, ನಿಲ್ಲಿಸುವ ದಿನವನ್ನೂ ಯೋಚಿಸಲಿ. ಮಾತ್ರೆ ಸಿಡುಕನ್ನು ತಗ್ಗಿಸಬಹುದು, ಆದರೆ 'ಸಾಕು' ಎಂದು ಹೇಳುವುದನ್ನು ಮಗುವಿಗೆ ಕಲಿಸಲಾರದು.

ಹಾಸ್ಟೆಲ್ ವಿಚಾರದಲ್ಲಿ ನನಗೆ ಅಂಜಿಕೆ ಹೆಚ್ಚು. ಕೆಲವು ಮನೆಗಳಿಗೆ ಅದು ಅನಿವಾರ್ಯ ಆಗಬಹುದು, ಅಂಥವರನ್ನು ದೂಷಿಸಲು ನನಗೆ ಯಾವ ಹಕ್ಕೂ ಇಲ್ಲ. ಆದರೆ ಮಾತು ಬಾರದ, ತನಗೆ ಏನಾಯಿತು ಎಂದು ಹೇಳಲಾಗದ ಮಗುವನ್ನು ಮುಚ್ಚಿದ ಗೋಡೆಯ ಹಿಂದೆ ಬಿಡುವುದು ಎಂಥ ಅಪಾಯ ಎಂಬುದಕ್ಕೆ ಶ್ರೀಮಂತ ದೇಶವೇ ಸಾಕ್ಷಿ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯತೆ ಇದ್ದವರನ್ನು ಸಿಬ್ಬಂದಿ ಹೊಡೆದು ಹಿಂಸಿಸುತ್ತಿದ್ದುದನ್ನು 2011ರಲ್ಲಿ ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು. ಹನ್ನೊಂದು ಮಂದಿಗೆ ಶಿಕ್ಷೆಯಾಯಿತು. ಇಂಥವರನ್ನೆಲ್ಲ 2014ರ ಜೂನ್ ಒಳಗೆ ಊರಿನ ನಡುವಿನ ಮನೆಗಳಿಗೆ ತರುತ್ತೇವೆ ಅಂದ ಅಲ್ಲಿನ ಸರ್ಕಾರ ಮಾತು ಉಳಿಸಿಕೊಳ್ಳಲಿಲ್ಲ, ಏಕೆಂದರೆ ಊರಿನಲ್ಲಿ ನೆರವಿನ ವ್ಯವಸ್ಥೆ ಕಟ್ಟದೆ ಆಸ್ಪತ್ರೆ ಖಾಲಿ ಮಾಡಲಾಗುವುದಿಲ್ಲ. ಅಲ್ಲಿಯೂ ಈ ಕೂಗನ್ನು ಹಿಡಿದು ನಿಂತವರು ಹೆತ್ತವರೇ. ತೀವ್ರ ಬುದ್ಧಿಮಾಂದ್ಯತೆ ಇರುವ ಮಗನ ತಾಯಿ ವಿವಿಯನ್ ಕೂಪರ್ 1997ರಲ್ಲಿ ಕಟ್ಟಿದ ಚಾಲೆಂಜಿಂಗ್ ಬಿಹೇವಿಯರ್ ಫೌಂಡೇಶನ್ ಇಂದಿಗೂ ಅಲ್ಲಿನ ಮನೆಗಳಿಗೆ ಮಾಹಿತಿ, ತರಬೇತಿ ಒದಗಿಸುತ್ತದೆ. ನಮ್ಮ ಹೆತ್ತವರ ಸಂಘಗಳ ರಾಷ್ಟ್ರೀಯ ಒಕ್ಕೂಟ 'ಪರಿವಾರ್' ಹುಟ್ಟಿದ್ದೂ ಅದೇ ಆಸುಪಾಸಿನಲ್ಲಿ, 1995ರಲ್ಲಿ. ದೆಹಲಿಯ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯನ್ನು ಕಟ್ಟಿದವರೂ ಒಬ್ಬ ತಾಯಿಯೇ. ಅಲ್ಲಿ ಹೆತ್ತವರು ಮಗುವಿನೊಂದಿಗೆ ಮೂರು ತಿಂಗಳು ಇದ್ದು ಕಲಿಯುವ ತರಬೇತಿ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲಿನಲ್ಲಿ ತಾಯಂದಿರೂ ಕೂತು ಕಲಿಯುತ್ತಾರೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಮಗುವಿನ ಜೊತೆ ಹೆತ್ತವರಲ್ಲಿ ಒಬ್ಬರು ಉಳಿಯುತ್ತಾರೆ. ಹೆತ್ತವರನ್ನು ಹೊರಗಿಟ್ಟು ಈ ಕೆಲಸ ಆಗದು ಎಂದು ನಮ್ಮ ಒಳ್ಳೆಯ ಸಂಸ್ಥೆಗಳು ಬಹಳ ಹಿಂದೆಯೇ ಕಂಡುಕೊಂಡಿವೆ. ಆ ಅರಿವು ಬೆಂಗಳೂರು, ಮೈಸೂರು ದಾಟಿ ಬರಬೇಕಾಗಿದೆ.

— ಇನ್ನೊಂದು ಕೇಳಿಬಿಡುತ್ತೇನೆ. ಐದು ವರ್ಷದ ಮಗುವಿಗೆ ನೀವು ಹೇಳಿದ್ದೆಲ್ಲ ಸರಿ. ಹದಿನಾರರ ಹುಡುಗ, ಅಪ್ಪನಿಗಿಂತ ಎತ್ತರ, ತಾಯಿಯನ್ನು ತಳ್ಳಿದರೆ ಬೀಳುತ್ತಾಳೆ. ಅಲ್ಲಿ ಅಂಗೈ ಅಡ್ಡ ಹಿಡಿಯುವ ಪಾಠ ನಡೆಯುತ್ತದೆಯೇ?

— ಪಾಠದ ತತ್ವ ಅದೇ, ಆದರೆ ಒಂಬತ್ತು ತರಗತಿ ಸಾಲದು ಎಂದು ನೇರವಾಗಿ ಹೇಳುತ್ತೇನೆ. ಹತ್ತು ವರ್ಷ ಫಲಿಸಿದ ವರ್ತನೆ ಬೇಗ ಬಿಡುವುದಿಲ್ಲ, ಮೈಬಲ ಸೇರಿದ ಮೇಲೆ ಅಪಾಯ ನಿಜ. ಅಲ್ಲಿ ತಜ್ಞರು ಬೇಕು, ಕೆಲವೊಮ್ಮೆ ಮಾತ್ರೆ ಬೇಕು, ಎಲ್ಲಕ್ಕಿಂತ ಮೊದಲು ಮನೆಯವರಿಗೆ ಸುರಕ್ಷತೆಯ ಪಾಠ ಬೇಕು: ಸಿಟ್ಟು ಏರುತ್ತಿರುವ ಗುರುತು ಯಾವುದು, ಆಗ ಎಷ್ಟು ದೂರ ನಿಲ್ಲಬೇಕು, ಯಾವ ಸಾಮಾನು ಕೈಗೆ ಸಿಗದಂತೆ ಇಡಬೇಕು, ತಂಗಿ ಯಾವ ಕೋಣೆಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು. ಕಟ್ಟಿಹಾಕುವುದು ದಾರಿಯಲ್ಲ, ತಮಿಳುನಾಡಿನ ಏರವಾಡಿಯಲ್ಲಿ 2001ರಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು, ಆಮೇಲೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು. ಆದರೆ ಕಟ್ಟಿಹಾಕಿದ ತಂದೆಯ ಮೇಲೆ ಕೇಸು ಹಾಕುವ ಮುಂಚೆ ಅವನಿಗೆ ಬೇರೆ ಏನು ಕೊಟ್ಟಿದ್ದೆವು ಎಂದು ನಾವು ಕೇಳಿಕೊಳ್ಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆರೈಕೆ ಮಾಡುವ ತಾಯಿತಂದೆಯನ್ನು ಆರೈಕೆದಾರರೆಂದು ಗುರುತಿಸುತ್ತದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆಯನ್ನು ಸರ್ಕಾರ ಮಾಡಬೇಕು ಅನ್ನುತ್ತದೆ. ಕೇರಳದ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಮೊತ್ತ ಚಿಕ್ಕದು, ಆದರೆ ನೋಡಿಕೊಳ್ಳುವುದೂ ಕೆಲಸ ಎಂಬ ಒಪ್ಪಿಗೆ ಅದರಲ್ಲಿದೆ. ಹದಿನಾರರ ಹುಡುಗನ ಮನೆಗೆ ಇನ್ನೊಂದು ಸಂಗತಿಯನ್ನೂ ಈಗಲೇ ತಿಳಿಸಿ: ಹದಿನೆಂಟು ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ತಾಯಿತಂದೆ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ, ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಬ್ಯಾಂಕಿನಲ್ಲಿ ತಡೆದಾಗಲೇ ಅನೇಕರಿಗೆ ಇದು ಗೊತ್ತಾಗುತ್ತದೆ.

— ಹಾಗಾದರೆ ಪಂಚಾಯಿತಿಗೆ ಏನು ಬರೆದುಕೊಡಲಿ? ಐದು ಪರ್ಸೆಂಟ್ ದುಡ್ಡಿನಲ್ಲಿ ಇಷ್ಟೆಲ್ಲ ಆಗದು.

— ಆಗದು. ಭತ್ಯೆ, ತಜ್ಞರು, ಎಂ.ಆರ್.ಡಬ್ಲ್ಯು. ತರಬೇತಿ ಸರ್ಕಾರದ ಹೊಣೆ, ಅದನ್ನು ಠರಾವು ಮಾಡಿ ಮೇಲೆ ಕಳಿಸಿ. ಪಂಚಾಯಿತಿಯ ಪಾಲಿಗೆ ಬರುವುದು ಬಿಡುವು. ವಾರಕ್ಕೆ ಎರಡು ಮಧ್ಯಾಹ್ನ ಸಮುದಾಯ ಭವನದ ಒಂದು ಕೋಣೆ, ಬೇಲಿ ಇರುವ ಅಂಗಳ, ಊರಿನ ಇಬ್ಬರು ಹೆಂಗಸರು ಒಬ್ಬ ಗಂಡಸಿಗೆ ದಿನಗೂಲಿ ಲೆಕ್ಕದಲ್ಲಿ ಸಂಬಳ, ಮಗುವನ್ನು ಕರೆತರಲು ಆಟೋ ಬಾಡಿಗೆ. ಆಟೋ ಬಾಡಿಗೆಯನ್ನು ಬಿಡಬೇಡಿ, ಬಸ್ಸಿನಲ್ಲಿ ಆ ಮಗುವನ್ನು ಕರೆತರಲಾಗದ ತಾಯಿ ಮೊದಲ ವಾರವೇ ಬರುವುದನ್ನು ನಿಲ್ಲಿಸುತ್ತಾಳೆ. ಆ ಮೂವರಿಗೆ ಮೊದಲು ಪ್ರತಿ ಮಗುವಿನ ಮನೆಯಲ್ಲಿ ಒಂದೊಂದು ದಿನ ಕೂತು ನೋಡುವ ಅವಕಾಶ ಇರಲಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕದವರ ಅರ್ಜಿಯನ್ನು ಅದೇ ಕೋಣೆಯಲ್ಲಿ ತುಂಬಿಸಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಜಾಗ ಇದೆ. ರಾತ್ರಿ ಹೊತ್ತು ತಡೆಯಲಾಗದೆ ಹೋದವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡಬಹುದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಹೆತ್ತವರ ತರಗತಿಯನ್ನು ಮಾತ್ರ ಮಧ್ಯಾಹ್ನ ಇಡಬೇಡಿ ಮೇಷ್ಟ್ರೇ. ಮಧ್ಯಾಹ್ನ ಇಟ್ಟರೆ ಅಪ್ಪಂದಿರು ಬರುವುದಿಲ್ಲ. ಭಾನುವಾರ ಬೆಳಗ್ಗೆಯೋ ಸಂಜೆ ಏಳರ ಮೇಲೋ ಇಡಿ, ಆ ಹೊತ್ತಿಗೂ ಮಕ್ಕಳನ್ನು ನೋಡಿಕೊಳ್ಳುವ ಮೂವರಿಗೆ ಕೂಲಿ ಬರೆಯುವುದನ್ನು ಮರೆಯಬೇಡಿ.